ಮೈದಾನದಲ್ಲಿ ಮೇಷ್ಟ್ರು ಸುಮ್ಮನಿರಬೇಕಾದ ಹೊತ್ತು

ಓದುಗರ ಪ್ರಶ್ನೆ – ಉತ್ತರ

ಗದ್ದೆ ಕೊಯ್ಲು ಮುಗಿದಿದೆ, ವಾರ್ಷಿಕ ಪರೀಕ್ಷೆಯ ಬಿಸಿ ಇನ್ನೂ ಶಾಲೆಗಳಿಗೆ ತಟ್ಟಿಲ್ಲ. ಈ ಬಿಡುವಿನಲ್ಲಿ ಅಂಕಣಕ್ಕೆ ಬಂದ ಪತ್ರಗಳ ಪೈಕಿ ಐದು ಒಂದೇ ವಿಷಯವನ್ನು ಸುತ್ತುತ್ತಿವೆ: ವಿದ್ಯಾರ್ಥಿಗಳನ್ನು ಬಯಲಿಗೆ ಕರೆದೊಯ್ದು ತಂಡ ಕಟ್ಟುವ ಆಟ ಆಡಿಸುವುದು ಹೇಗೆ? ಕೊಡಗಿನ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಬಹಳ ವರ್ಷ ಸೀಟಿ ಊದಿದವನು ನಾನು. ಊದಬೇಕಾದಲ್ಲಿ ಊದದೆ, ಊದಬಾರದಲ್ಲಿ ಊದಿ ಮಾಡಿಕೊಂಡ ತಪ್ಪುಗಳೂ ಈ ಉತ್ತರಗಳಲ್ಲಿ ಸೇರಿವೆ.

ಪ್ರಶ್ನೆ: ನಾನು ನಾಪೋಕ್ಲು ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಖಾಲಿಯಿರುವುದರಿಂದ ಒಂಬತ್ತನೇ ತರಗತಿಯ 48 ಮಕ್ಕಳಿಗೆ ಒಗ್ಗಟ್ಟು ಬೆಳೆಸುವ ಆಟ ಆಡಿಸುವ ಹೊಣೆ ನನ್ನ ಪಾಲಿಗೆ ಬಂತು. ತರಗತಿಯನ್ನು ಎರಡು ಭಾಗ ಮಾಡಿ ಹಗ್ಗ ಜಗ್ಗಾಟ ಇಟ್ಟೆ. ಸೋತವರು ಮೋಸವಾಯಿತೆಂದು ಜಗಳ ತೆಗೆದರು, ಮಧ್ಯಾಹ್ನದ ಊಟಕ್ಕೆ ಎರಡು ಪಂಗಡವಾಗಿಯೇ ಕುಳಿತರು, ಹುಡುಗಿಯರಲ್ಲಿ ಅರ್ಧದಷ್ಟು ಮಂದಿ ಮರದಡಿಯಿಂದ ಏಳಲೇ ಇಲ್ಲ. ನಾನು ಎಲ್ಲಿ ತಪ್ಪಿದೆ? ಮುಂದಿನ ಸಲ ಅರ್ಧ ದಿನ ಸಿಕ್ಕರೆ ಏನು ಮಾಡಲಿ?

ಉತ್ತರ: ನೀವು ಮಾಡಿದ್ದು ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪೇ, ಟೀಚರ್. ಸ್ಪರ್ಧೆಯ ಆಟವನ್ನೂ ತಂಡ ಕಟ್ಟುವ ಆಟವನ್ನೂ ನಾವು ಒಂದೇ ಎಂದುಕೊಳ್ಳುತ್ತೇವೆ. 2024ರಲ್ಲಿ ನಿಮ್ಮ ನಾಪೋಕ್ಲುವಿನಲ್ಲೇ ನಡೆದ ಕುಂಡ್ಯೋಳಂಡ ಕಪ್ ಹಾಕಿ ಉತ್ಸವದಲ್ಲಿ 360 ಕೊಡವ ಕುಟುಂಬಗಳ ತಂಡಗಳು ಆಡಿದವು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಈ ಉತ್ಸವವನ್ನು ಆರಂಭಿಸಿದಾಗ ಇದ್ದದ್ದು 60 ತಂಡ. ಅಪ್ಪ, ಮಗಳು, ಚಿಕ್ಕಪ್ಪ ಒಂದೇ ಬಣ್ಣದ ಅಂಗಿ ತೊಟ್ಟು ಕೋಲು ಹಿಡಿದು ಇಳಿಯುವುದನ್ನು ನೋಡಿದವರಿಗೆ ಆಟವೇ ಒಗ್ಗಟ್ಟು ತಂದಿತೆಂಬ ಭಾವನೆ ಬರುವುದು ಸಹಜ. ಆದರೆ ಆ ತಂಡ ಮೈದಾನದಲ್ಲಿ ಹುಟ್ಟಿದ್ದಲ್ಲ. ಅದು ಐನ್‌ಮನೆಯೆಂಬ ಪೂರ್ವಿಕರ ಮನೆಯಲ್ಲಿ, ಒಕ್ಕದ, ಅಂದರೆ ಒಂದೇ ಮನೆತನದವರ, ಮದುವೆ ಸಾವುಗಳಲ್ಲಿ, ಸುಗ್ಗಿಹಬ್ಬವಾದ ಪುತ್ತರಿಯ ಕದಿರು ತೆಗೆಯುವ ರಾತ್ರಿಗಳಲ್ಲಿ ತಲೆಮಾರುಗಳಿಂದ ಕಟ್ಟಿಕೊಂಡು ಬಂದದ್ದು, ಮೈದಾನದಲ್ಲಿ ಕಣ್ಣಿಗೆ ಬೀಳುತ್ತದೆ ಅಷ್ಟೆ. ನಿಮ್ಮ 48 ಮಕ್ಕಳಿಗೆ ಅಂಥ ಒಕ್ಕವಿಲ್ಲ. ಅವರ ನಡುವೆ ಮೊದಲೇ ಇದ್ದ ಬಿರುಕನ್ನು ಹಗ್ಗ ಎಳೆದು ತೋರಿಸಿತು.

ನೀವು ವಿಜ್ಞಾನ ಕಲಿಸುವವರಾದ್ದರಿಂದ ಹಗ್ಗದ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ಮ್ಯಾಕ್ಸ್ ರಿಂಗೆಲ್ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ 1880ರ ದಶಕದಲ್ಲಿ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು, 1913ರಲ್ಲಿ ಫಲಿತಾಂಶ ಪ್ರಕಟಿಸಿದ. ಒಬ್ಬನೇ ಎಳೆದಾಗಿನ ಬಲವನ್ನು 100 ಎಂದಿಟ್ಟುಕೊಂಡರೆ, ಎಂಟು ಮಂದಿ ಸೇರಿ ಎಳೆದಾಗ ತಲಾ ಬಲ 49ಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಇದಕ್ಕೆ ಒಂದು ಕಾರಣವಾದರೆ, ‘ಉಳಿದವರು ಎಳೆಯುತ್ತಿದ್ದಾರಲ್ಲ’ ಎಂದು ಪ್ರತಿಯೊಬ್ಬನ ಕೈಯೂ ತನಗೆ ಅರಿವಿಲ್ಲದೆ ಸಡಿಲಾಗುವುದು ಇನ್ನೊಂದು ಎಂದು ಆಮೇಲಿನ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದರು. ಎಂಟು ಮಂದಿಯಲ್ಲೇ ಹೀಗಾದರೆ ಇಪ್ಪತ್ತನಾಲ್ಕು ಮಂದಿಯ ಸಾಲಿನಲ್ಲಿ ಹದಿನೇಳನೆಯವಳಾಗಿ ಹಗ್ಗ ಮುಟ್ಟಿಕೊಂಡು ನಿಂತ ಹುಡುಗಿಗೆ ತಾನಿಲ್ಲದಿದ್ದರೂ ಆಟ ನಡೆಯುತ್ತದೆ ಎಂಬುದು ಒಂದೇ ನಿಮಿಷದಲ್ಲಿ ಮನವರಿಕೆಯಾಗುತ್ತದೆ. ಮರದಡಿಯಲ್ಲಿ ಕುಳಿತವರು ಸೋಮಾರಿಗಳಲ್ಲ, ಲೆಕ್ಕ ಸರಿಯಾಗಿ ಹಾಕಿದವರು.

ಆದ್ದರಿಂದ ಮೊದಲ ಕೆಲಸ ತಂಡವನ್ನು ಚಿಕ್ಕದು ಮಾಡುವುದು. ಸ್ಕೌಟ್‌ನಲ್ಲಿ ಪೆಟ್ರೋಲ್ ಎಂದು ಕರೆಯುವ ಒಂದು ಸಣ್ಣ ಗುಂಪಿಗೆ ಆರರಿಂದ ಎಂಟು ಮಂದಿಯನ್ನು ಇಡುವುದರ ಹಿಂದೆ ಅನುಭವವಿದೆ; ಅಷ್ಟರಲ್ಲಿ ಯಾರೂ ಮರೆಯಾಗಲಾರರು. ನಿಮಗೆ ಎಂಟರಂತೆ ಆರು ತಂಡಗಳಾಗುತ್ತವೆ. ಸಾಲಾಗಿ ನಿಲ್ಲಿಸಿ ಒಂದರಿಂದ ಆರರವರೆಗೆ ಎಣಿಸಿ ಬಿಡಿಸುವುದು ವಾಡಿಕೆ. ಆದರೆ ಗೆಳೆಯನ ತಂಡಕ್ಕೇ ಬೀಳಬೇಕೆಂದು ಸಾಲಿನಲ್ಲಿ ಜಾಗ ಬದಲಿಸುವಾಗ, ಗಣಿತದಲ್ಲಿ ಪಾಸಾಗದ ಹುಡುಗರೂ ಭಾಗಾಕಾರದಲ್ಲಿ ಪಂಡಿತರಾಗಿಬಿಡುತ್ತಾರೆ. ನಾನು ಕೊನೆಕೊನೆಗೆ ಎಲೆಯ ಉಪಾಯ ಹಿಡಿದೆ. ಕಾಫಿ, ಕರಿಮೆಣಸು, ಏಲಕ್ಕಿ, ಕಿತ್ತಳೆ, ಹಲಸು, ಸಿಲ್ವರ್ ಓಕ್, ಹೀಗೆ ಆರು ಜಾತಿಯ ಎಲೆ ಎಂಟೆಂಟು ಕಿತ್ತು ಚೀಲಕ್ಕೆ ಹಾಕಿ, ನೋಡದೆ ಒಂದೊಂದು ತೆಗೆಯಲು ಹೇಳುವುದು; ಒಂದೇ ಎಲೆ ಸಿಕ್ಕವರು ಒಂದು ತಂಡ. ಮೊದಲ ಸಲ ಇದೂ ಕೆಟ್ಟಿತು, ಏಕೆಂದರೆ ನಮ್ಮ ಮಕ್ಕಳು ಚೀಲದೊಳಗೆ ಕೈಯಾಡಿಸಿಯೇ ಎಲೆ ಯಾವುದೆಂದು ಹೇಳಬಲ್ಲರು. ಹಳೇ ಪೇಪರಿನಲ್ಲಿ ಮಡಚಿ ಹಾಕಿ.

ಇನ್ನು ಆಟ. ಹೊರಗಿನಿಂದ ಏನನ್ನೂ ತರಿಸುವುದು ಬೇಡ, ಕಾಫಿ ಒಣಗಿಸುವ ಟಾರ್ಪಾಲು ನಿಮ್ಮ ಯಾವ ವಿದ್ಯಾರ್ಥಿಯ ಮನೆಯಲ್ಲಾದರೂ ಇದ್ದೇ ಇರುತ್ತದೆ. ಸುಮಾರು ಆರಡಿ ಉದ್ದ, ಐದಡಿ ಅಗಲದ ತುಂಡುಗಳಾಗಿ ತಂಡಕ್ಕೊಂದು ಕೊಡಿ. ಎಂಟು ಮಂದಿಯೂ ಅದರ ಮೇಲೆ ನಿಲ್ಲಬೇಕು. ಯಾರ ಪಾದವೂ ನೆಲ ಮುಟ್ಟದಂತೆ ಟಾರ್ಪಾಲನ್ನು ಮಗುಚಿ, ಕೆಳಮೈ ಮೇಲೆ ಬರುವಂತೆ ಮಾಡಿ, ಅದರ ಮೇಲೆಯೇ ನಿಂತಿರಬೇಕು. ಒಬ್ಬರು ನೆಲ ಮುಟ್ಟಿದರೂ ಇಡೀ ತಂಡ ಮೊದಲಿಂದ ಶುರು. ಹೆಗಲ ಮೇಲೆ ಯಾರನ್ನೂ ಹೊರುವಂತಿಲ್ಲ. ಇಷ್ಟು ನಿಯಮವನ್ನು ಎರಡು ನಿಮಿಷದೊಳಗೆ ಒಮ್ಮೆ ಹೇಳಿ, ಹಿಂದೆ ನಿಂತ ಒಬ್ಬ ಹುಡುಗನಿಂದ ಅದನ್ನೇ ತಿರುಗಿ ಹೇಳಿಸಿ. ನೀವು ಗಟ್ಟಿಯಾಗಿ ‘ನಿಲ್ಲಿ’ ಎಂದರೆ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕೆಂಬುದನ್ನು ಆಟಕ್ಕೆ ಮೊದಲೇ ಎರಡು ಸಲ ಅಭ್ಯಾಸ ಮಾಡಿಸಿ. ಆಮೇಲೆ ಬಾಯಿ ಮುಚ್ಚಿಕೊಳ್ಳಿ.

ಈ ಕೊನೆಯ ವಾಕ್ಯ ಒರಟಾಗಿ ಕಂಡರೆ ಕ್ಷಮಿಸಿ. ಆಟ ನಡೆಸುವುದರಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಅದೇ, ನನಗೆ ಹತ್ತು ವರ್ಷ ಬೇಕಾಯಿತು. ಮೊದಲ ಮೂರು ನಿಮಿಷ ಎಂಟು ಬಾಯಿಗಳೂ ಒಟ್ಟಿಗೆ ಮಾತಾಡುತ್ತವೆ. ಎತ್ತರದ ಹುಡುಗನೊಬ್ಬ ಅಪ್ಪಣೆ ಕೊಡತೊಡಗುತ್ತಾನೆ, ಅವನ ಅಪ್ಪಣೆಯಂತೆ ಎಲ್ಲರೂ ಒಮ್ಮೆಗೇ ನೆಗೆದು ನಾಲ್ವರು ನೆಲಕ್ಕೆ ಬೀಳುತ್ತಾರೆ. ಒಂದು ಸಲ ಬಾಣೆಯೊಂದರ, ಅಂದರೆ ಗದ್ದೆಗೆ ಸೇರಿದ ದಿಬ್ಬದ, ಹುಲ್ಲಿನ ಮೇಲೆ ಈ ಆಟ ಆಡಿಸುತ್ತಿದ್ದಾಗ, ಟಾರ್ಪಾಲಿನ ಮೂಲೆಯಲ್ಲಿ ನಿಂತಿದ್ದ ಸಣ್ಣ ಹುಡುಗಿಯೊಬ್ಬಳು ‘ಇಲ್ಲಿಂದ ಮಡಚಿ ನೋಡೋಣ’ ಎಂದಳು. ಯಾರೂ ಕೇಳಲಿಲ್ಲ. ಇನ್ನೊಮ್ಮೆ ಹೇಳಿದಳು, ಆಗಲೂ ಇಲ್ಲ. ಅವಳಿಗೆ ಉಪಾಯ ಹೊಳೆದಿದೆ ಎಂದು ನನಗೆ ಸ್ಪಷ್ಟವಾಗಿತ್ತು, ‘ಲೋ, ಅವಳ ಮಾತು ಕೇಳ್ರೋ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ತಡೆದುಕೊಂಡೆ. ಆಕೆ ಮೂರನೆಯ ಸಲ ಬಾಯಿ ತೆರೆಯಲಿಲ್ಲ; ಪಕ್ಕದವಳ ಭುಜ ಹಿಡಿದು ಬಗ್ಗಿ, ತನ್ನ ಹಿಮ್ಮಡಿಯ ಕೆಳಗಿನ ಮೂಲೆಯನ್ನು ಎಳೆದು ಮಡಚಿ, ಮಡಚಿದ ಅಂಗೈಯಗಲದ ಜಾಗದ ಮೇಲೆ ಒಂದು ಕಾಲಿಟ್ಟು ನಿಂತಳು. ಕೂಗಾಡುತ್ತಿದ್ದ ಹುಡುಗ ಕೆಳಗೆ ನೋಡಿದ. ಮಾತು ನಿಲ್ಲಿಸಿ ತನ್ನ ಕಾಲನ್ನು ಒಂದು ಗೇಣು ಹಿಂದಕ್ಕೆ ಸರಿಸಿದ. ಆ ಒಂದು ಗೇಣಿನಲ್ಲಿ ತಂಡ ಹುಟ್ಟಿತು ಎಂದು ನಾನು ಈಗಲೂ ನಂಬಿದ್ದೇನೆ. ನಾನು ಬಾಯಿ ಹಾಕಿದ್ದರೆ ಅವರು ಅವಳ ಮಾತಿಗಲ್ಲ, ನನ್ನ ಮಾತಿಗೆ ಸರಿಯುತ್ತಿದ್ದರು.

ಹಾಗೆಂದು ಎಲ್ಲಕ್ಕೂ ಸುಮ್ಮನಿರಬೇಕೆಂದಲ್ಲ. ಯಾರಿಗಾದರೂ ಪೆಟ್ಟಾಗುವಂತಿದ್ದರೆ, ಇಲ್ಲವೇ ಒಬ್ಬರ ಮೈ, ಜಾತಿ, ಬಣ್ಣ, ಮಾತನ್ನು ಹಿಡಿದು ಗೇಲಿ ಶುರುವಾದರೆ ಆ ಕ್ಷಣವೇ ‘ನಿಲ್ಲಿ’ ಎನ್ನಿ. ತಂಡ ಸೋಲುತ್ತಿರುವುದು, ಹೊತ್ತು ಮೀರುತ್ತಿರುವುದು, ನಿಮಗೆ ಉತ್ತರ ಗೊತ್ತಿರುವುದು ಬಾಯಿ ಹಾಕಲು ಕಾರಣಗಳಲ್ಲ. ಇಪ್ಪತ್ತು ನಿಮಿಷದಲ್ಲೂ ಆಗದಿದ್ದರೆ ಆಟ ನಿಲ್ಲಿಸಿ ಮಾತಿಗೆ ಕೂರಿಸಿ. ಆಗದ ಆಟದಿಂದಲೇ ಮಾತು ಹೆಚ್ಚು ಬರುತ್ತದೆ.

ಈ ಮಾತಿಗೆ ಆಟದಷ್ಟೇ ಹೊತ್ತು ಮೀಸಲಿಡಿ. ನೆರಳಿನಲ್ಲಿ ವೃತ್ತವಾಗಿ ಕೂರಿಸಿ, ಬಿಸಿಲು ನಿಮ್ಮ ಮುಖಕ್ಕೆ ಬೀಳಲಿ, ಮಕ್ಕಳ ಕಣ್ಣಿಗೆ ಬೇಡ. ಮೊದಲು ಏನು ನಡೆಯಿತೆಂದು ಮಾತ್ರ ಕೇಳಿ: ಮೂಲೆ ಮಡಚುವ ಉಪಾಯ ಮೊದಲು ಯಾರಿಗೆ ಹೊಳೆಯಿತು? ಅದು ಎಲ್ಲರ ಕಿವಿಗೆ ಬಿದ್ದದ್ದು ಯಾವಾಗ? ಆಮೇಲೆ ಹಾಗೇಕಾಯಿತೆಂದು ಕೇಳಿ. ಕೊನೆಗೆ, ಇನ್ನೊಮ್ಮೆ ಆಡಿದರೆ ಏನು ಬದಲಿಸುತ್ತೀರೆಂದು ಕೇಳಿ, ನಿಜವಾಗಿಯೂ ಅದೇ ಆಟವನ್ನು ಇನ್ನೊಮ್ಮೆ ಆಡಿಸಿ. ಡೇವಿಡ್ ಕೋಲ್ಬ್ ಎಂಬ ಅಮೆರಿಕದ ಶಿಕ್ಷಣತಜ್ಞ 1984ರಲ್ಲಿ ವಿವರಿಸಿದ ಅನುಭವದ ಕಲಿಕೆಯ ಚಕ್ರವೂ ಇದೇ: ಮಾಡುವುದು, ಹಿಂತಿರುಗಿ ನೋಡುವುದು, ಅದರಿಂದ ಒಂದು ತಿಳಿವಳಿಕೆ ಕಟ್ಟಿಕೊಳ್ಳುವುದು, ಮತ್ತೆ ಮಾಡಿ ನೋಡುವುದು. ನಮ್ಮ ಶಾಲೆಗಳಲ್ಲಿ ಎರಡನೆಯ ಸಲ ಆಡಿಸುವ ರೂಢಿ ಇಲ್ಲ, ಹೊಸ ಆಟಕ್ಕೆ ಓಡುತ್ತೇವೆ. ಎರಡನೆಯ ಸಲ ಹದಿನೈದು ನಿಮಿಷದ ಆಟ ನಾಲ್ಕು ನಿಮಿಷದಲ್ಲಿ ಮುಗಿದಾಗ ಮಕ್ಕಳ ಮುಖ ನೋಡಿ. ದಯವಿಟ್ಟು ಆಗ ಎದ್ದು ನಿಂತು ಒಗ್ಗಟ್ಟಿನಲ್ಲಿ ಬಲವಿದೆ ಎಂದು ಭಾಷಣ ಮಾಡಬೇಡಿ. ಆ ವಾಕ್ಯವನ್ನು ಅವರು ಎರಡನೇ ತರಗತಿಯಿಂದ ಕಾಪಿ ಬರೆದು ಬರೆದು ಬೇಸತ್ತಿದ್ದಾರೆ.

ಅರ್ಧ ದಿನಕ್ಕೆ ಇಂಥ ಆಟ ಮೂರು ಸಾಕು. ಕೊನೆಗೆ ಹಗ್ಗ ಬೇಕೇ ಬೇಕೆಂದು ಮಕ್ಕಳು ಹಟ ಹಿಡಿದರೆ ಅದೇ ಎಂಟರ ತಂಡಗಳಲ್ಲಿ ಆಡಿಸಿ. ಅಂತರರಾಷ್ಟ್ರೀಯ ನಿಯಮದಲ್ಲೂ ಒಂದು ಕಡೆಗೆ ಎಂಟೇ ಮಂದಿ. ಹಗ್ಗ ಕೈತುಂಬ ಸಿಗುವಷ್ಟು ದಪ್ಪಗಿರಲಿ, ಬಾವಿಯ ನೈಲಾನ್ ಹಗ್ಗ ಬೇಡ. ಒಮ್ಮೆ ಬೇರೆ ಹಗ್ಗ ಸಿಗದೆ ಅದನ್ನೇ ಕೊಟ್ಟಿದ್ದೆ, ಹಿಂದಿನವನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡದ್ದನ್ನೂ ನೋಡಿರಲಿಲ್ಲ. ಹಗ್ಗ ಜಾರಿದಾಗ ಹುಡುಗನ ಅಂಗೈಯ ಸಿಪ್ಪೆ ಸುಲಿದುಹೋಯಿತು, ಎರಡು ವಾರ ಪೆನ್ನು ಹಿಡಿಯಲಾಗಲಿಲ್ಲ. ಅದು ನನ್ನದೇ ತಪ್ಪು. 1997ರಲ್ಲಿ ತೈಪೆಯಲ್ಲಿ 1,600ಕ್ಕೂ ಹೆಚ್ಚು ಮಂದಿ ಒಟ್ಟಿಗೆ ಎಳೆಯುವಾಗ ಹಗ್ಗ ತುಂಡಾಗಿ ಇಬ್ಬರ ತೋಳೇ ಕಿತ್ತುಹೋದ ಪ್ರಸಂಗವನ್ನು ಅನಂತರ ಓದಿದಾಗ, ನಮಗಾದದ್ದು ಎಷ್ಟು ಅಗ್ಗದಲ್ಲಿ ಮುಗಿಯಿತೆಂದು ತಿಳಿಯಿತು. ಕೈಗಾಗಲಿ ಸೊಂಟಕ್ಕಾಗಲಿ ಹಗ್ಗವನ್ನು ಯಾರೂ ಸುತ್ತಿಕೊಳ್ಳಕೂಡದು.

ಪ್ರಶ್ನೆ: ವಿರಾಜಪೇಟೆ ತಾಲ್ಲೂಕಿನ ಕಾಲೇಜೊಂದರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿಯಾಗಿದ್ದೇನೆ. ಏಳು ದಿನದ ವಿಶೇಷ ಶಿಬಿರದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುವವರೆಲ್ಲ ತಮ್ಮ ತಮ್ಮ ಮಾತಿನವರ ಜತೆಗೇ ಉಳಿಯುತ್ತಾರೆ. ಹೊರರಾಜ್ಯದ ಕಾರ್ಮಿಕ ಕುಟುಂಬಗಳಿಂದ ಬಂದ ಇಬ್ಬರಂತೂ ಯಾರ ಜತೆಗೂ ಸೇರುತ್ತಿಲ್ಲ. ಎಲ್ಲರಿಗೂ ಕನ್ನಡ ಬರುತ್ತದೆ, ಆದರೂ ಬೆರೆಯುವುದಿಲ್ಲ. ಯಾವ ಆಟ ಇದಕ್ಕೆ ಒದಗೀತು?

ಉತ್ತರ: ಕನ್ನಡ ಬರುತ್ತದೆ ಎಂಬುದು ನಿಜ, ಸರ್, ಆದರೆ ಬರುವ ಕನ್ನಡದಲ್ಲಿ ಒಬ್ಬನ ನಾಲಿಗೆ ಚುರುಕು, ಇನ್ನೊಬ್ಬನದು ತಡವರಿಕೆ. ಮಾತಿನ ಆಟ ಇಟ್ಟರೆ ಚುರುಕಿನವನೇ ನಾಯಕನಾಗುತ್ತಾನೆ. ಆದ್ದರಿಂದ ಮೊದಲ ದಿನ ಎಲ್ಲರ ಮಾತನ್ನೂ ಸಮನಾಗಿ ಕಿತ್ತುಕೊಳ್ಳಿ.

ಕೊಯ್ಲಾದ ಗದ್ದೆಯ ಬದುವಿನ ಮೇಲೆ ಹತ್ತು ಹನ್ನೆರಡು ಮಂದಿಯನ್ನು ಸಾಲಾಗಿ ನಿಲ್ಲಿಸಿ. ಹುಟ್ಟಿದ ತಿಂಗಳು, ದಿನದ ಪ್ರಕಾರ ಜನವರಿಯಿಂದ ಡಿಸೆಂಬರಿಗೆ ಸಾಲು ಬದಲಾಗಬೇಕು. ಒಂದು ಸದ್ದೂ ಬಾಯಿಂದ ಹೊರಡಕೂಡದು, ಯಾರೂ ಬದುವಿನಿಂದ ಕೆಳಗಿಳಿಯಕೂಡದು. ಬೆರಳೆಣಿಸಿ ತಿಂಗಳು ತಿಳಿಸಬೇಕು, ಅಗಲ ಕಿರಿದಾದ ಬದುವಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ದಾಟಬೇಕು. ಬದು ಮೊಣಕಾಲಿಗಿಂತ ಎತ್ತರವಿಲ್ಲದ್ದನ್ನು ಆರಿಸಿದರೆ ಬಿದ್ದರೂ ನಗುವಷ್ಟೇ ನಷ್ಟ. ಆದರೆ ಕೂಳೆ ಚುಚ್ಚುತ್ತದೆ, ಬರಿಗಾಲು ಬೇಡ. ಹುಡುಗ ಹುಡುಗಿಯರು ಕೈ ಹಿಡಿಯಲು ಸಂಕೋಚಪಟ್ಟರೆ ಒತ್ತಾಯಿಸದೆ ಒಂದೊಂದು ಟವೆಲ್ ಕೊಡಿ, ಎರಡು ತುದಿ ಇಬ್ಬರು ಹಿಡಿಯಲಿ. ನನ್ನ ಅನುಭವದಲ್ಲಿ ಮೂರನೆಯ ಸುತ್ತಿಗೆ ಟವೆಲ್ ಯಾರ ಹೆಗಲ ಮೇಲೋ ಬಿದ್ದಿರುತ್ತದೆ.

ಎರಡನೆಯದು ಓಟೆಯ, ಅಂದರೆ ಸಣ್ಣ ಜಾತಿಯ ಬಿದಿರಿನ, ಆಟ. ಒಣಗಿದ, ಸಪೂರವಾದ, ಹತ್ತಡಿ ಉದ್ದದ ಓಟೆಯೊಂದನ್ನು ತನ್ನಿ. ಐವರು ಒಂದು ಬದಿ, ಐವರು ಎದುರು ಬದಿ ನಿಂತು, ಎರಡೂ ತೋರುಬೆರಳುಗಳನ್ನು ಎದೆಯ ಮಟ್ಟದಲ್ಲಿ ಚಾಚಬೇಕು. ಬೆರಳುಗಳ ಮೇಲೆ ಓಟೆಯನ್ನಿಟ್ಟು, ಅದನ್ನು ನೆಲಕ್ಕೆ ಇಳಿಸಿ ಎನ್ನಿ. ನಿಯಮ ಒಂದೇ: ಯಾರ ಬೆರಳೂ ಓಟೆಯಿಂದ ಬಿಡಬಾರದು, ಬೆರಳನ್ನು ಮಡಚಿ ಹಿಡಿಯಲೂಬಾರದು. ಇಳಿಯಬೇಕಾದ ಓಟೆ ಮೇಲಕ್ಕೇರುತ್ತದೆ! ಎಲ್ಲರೂ ಗಾಬರಿಯಾಗಿ ಎದುರಿನವರನ್ನು ಬೈಯುತ್ತಾರೆ, ಅದೂ ತಮ್ಮ ತಮ್ಮ ಮನೆಮಾತಿನಲ್ಲಿ. ಇದರಲ್ಲಿ ಮಾಟವೇನಿಲ್ಲ, ಬೆರಳು ಬಿಟ್ಟೀತೆಂಬ ಭಯದಲ್ಲಿ ಪ್ರತಿಯೊಬ್ಬರೂ ಒಂದು ಕೂದಲೆಳೆಯಷ್ಟು ಮೇಲಕ್ಕೆ ಒತ್ತುತ್ತಾರೆ, ಇಪ್ಪತ್ತು ಬೆರಳಿನ ಒತ್ತಡ ಓಟೆಯ ತೂಕವನ್ನು ಮೀರುತ್ತದೆ. ಭಾರದ ಬಿದಿರು ತಂದರೆ ಅದು ಸೀದಾ ಕೆಳಗಿಳಿದು ಆಟ ಕೆಡುತ್ತದೆ, ನಾನು ಕೆಡಿಸಿಕೊಂಡಿದ್ದೇನೆ. ಕಡೆಗೆ ಯಾರೋ ಒಬ್ಬರು ತಾಳ ಹಾಕುತ್ತಾರೆ, ಒಂದು ಎಣಿಕೆಗೆ ಒಂದು ಬೆರಳಗಲ ಇಳಿಸೋಣ ಎಂದು. ಆ ಎಣಿಕೆ ಯಾವ ಭಾಷೆಯದು ಎಂದು ಸುಮ್ಮನೆ ಗಮನಿಸಿ. ನನ್ನ ಒಂದು ಶಿಬಿರದಲ್ಲಿ ಎಣಿಸಿದವನಿಗೆ ಕನ್ನಡ ಕಲಿತು ಒಂದೇ ವರ್ಷವಾಗಿತ್ತು, ಅವನು ಹಿಂದಿಯಲ್ಲಿ ಎಣಿಸಿದ, ಎಲ್ಲರ ಬೆರಳೂ ಅವನ ಎಣಿಕೆಗೆ ಇಳಿದವು. ರಾತ್ರಿ ಊಟಕ್ಕೆ ಅವನ ಪಕ್ಕದಲ್ಲಿ ಜಾಗ ಖಾಲಿಯಿರಲಿಲ್ಲ.

ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವ, ಉಳಿದವರು ಹಿಡಿಯುವ ಆಟವನ್ನು ಮೊಬೈಲಿನಲ್ಲಿ ನೋಡಿ ಅನೇಕರು ಮಾಡಿಸುತ್ತಾರೆ. ನನಗೆ ಅದು ಇಷ್ಟವಿಲ್ಲ. ಪರಿಚಯವೇ ಇಲ್ಲದವರ ನಡುವೆ ನಂಬಿಕೆಯನ್ನು ಬೆನ್ನುಮೂಳೆಯ ಮೇಲೆ ಪಣವೊಡ್ಡಿ ಪರೀಕ್ಷಿಸಬೇಕಾಗಿಲ್ಲ.

ಪ್ರಶ್ನೆ: ನಮ್ಮ ಮಗಳು ಏಳನೇ ತರಗತಿ, ಎಡಗಾಲು ಸ್ವಲ್ಪ ಎಳೆಯುತ್ತಾಳೆ. ಕಳೆದ ವರ್ಷ ಆಟದ ದಿನ ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನಾಗಿ ಆರಿಸಿಕೊಂಡು, ಕೊನೆಗೆ ಇವಳೊಬ್ಬಳೇ ನಿಂತಿದ್ದಳಂತೆ. ಈ ವರ್ಷ ಹೊಟ್ಟೆನೋವು ಎನ್ನುತ್ತಿದ್ದಾಳೆ. ಕಳಿಸಲೋ, ಬೇಡವೋ? – ಒಬ್ಬ ತಾಯಿ, ಕುಶಾಲನಗರ

ಉತ್ತರ: ಹೊಟ್ಟೆನೋವು ನಿಜವಾದದ್ದೇ ತಾಯಿ, ಕಾರಣ ಮಾತ್ರ ಹೊಟ್ಟೆಯಲ್ಲಿಲ್ಲ. ಕ್ಯಾಪ್ಟನ್ ಆರಿಸುವ ಪದ್ಧತಿಯನ್ನು ನಾನೂ ವರ್ಷಗಟ್ಟಲೆ ಮಾಡಿಸಿದ್ದೇನೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಆಟದ ದಿನಕ್ಕೆ ಮೊದಲೇ ಶಾಲೆಗೆ ಹೋಗಿ ಶಿಕ್ಷಕರಲ್ಲಿ ಎರಡು ಮಾತು ಕೇಳಿ. ತಂಡವನ್ನು ಚೀಟಿ ಎತ್ತಿ ಮಾಡುತ್ತೀರಾ? ನನ್ನ ಮಗಳಿಗೆ ಆಟದೊಳಗೇ ಜಾಗವಿದೆಯಾ? ಅಂಕ ಬರೆಯುವ, ನೀರು ಹಂಚುವ ಕೆಲಸ ಕೊಡುತ್ತೇವೆಂದರೆ ಒಪ್ಪಬೇಡಿ. ಅದು ಗೌರವದ ಹೆಸರಿನಲ್ಲಿ ಹೊರಗೆ ಕೂರಿಸುವುದು. ಓಟವನ್ನು ನಂಬಿದ ಆಟದಲ್ಲಿ ಅವಳು ಹಿಂದೆ ಬೀಳುತ್ತಾಳೆ, ಆದರೆ ಮೇಲೆ ಹೇಳಿದ ಟಾರ್ಪಾಲು, ಓಟೆಯಂಥ ಆಟಗಳಲ್ಲಿ ಬೇಕಾದದ್ದು ವೇಗವಲ್ಲ. ಎಲ್ಲಿ ನಿಂತರೆ ತನಗೆ ಅನುಕೂಲ ಎಂಬುದನ್ನು ಅವಳನ್ನೇ ಕೇಳಲು ಶಿಕ್ಷಕರಿಗೆ ಹೇಳಿ, ಅವಳ ಪರವಾಗಿ ನಾವು ನಿರ್ಧರಿಸುವುದು ಬೇಡ. ಇಷ್ಟಕ್ಕೆ ಅವರು ಒಪ್ಪಿದರೆ ಕಳಿಸಿ. ಹಳೆಯ ಪದ್ಧತಿಯೇ ಎಂದರೆ ಈ ವರ್ಷವೂ ಹೊಟ್ಟೆನೋವು ಇರಲಿ.

ಪ್ರಶ್ನೆ: ಸಿದ್ದಾಪುರದ ಬಳಿ ನಮ್ಮ ಕಾಫಿ ತೋಟವಿದೆ. ಪಕ್ಕದ ಶಾಲೆಯವರು ಫೆಬ್ರವರಿಯಲ್ಲಿ 60 ಮಕ್ಕಳನ್ನು ಕರೆತಂದು ಒಂದು ದಿನ ಆಟ ಆಡಿಸಲು ಜಾಗ ಕೇಳಿದ್ದಾರೆ. ಕೊಡಲು ಮನಸ್ಸಿದೆ, ಭಯವೂ ಇದೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ಭಯ ಇರುವುದು ಒಳ್ಳೆಯದೇ. ನಿಮ್ಮ ಭಾಗದಲ್ಲಿ ಮೊದಲ ಪ್ರಶ್ನೆ ಆನೆಯದು. ಹಿಂದಿನ ರಾತ್ರಿ ತೋಟಕ್ಕೆ ಆನೆ ಬಂದಿತ್ತೇ, ಈಗ ಯಾವ ಕಡೆ ಇದೆ ಎಂಬುದು ಬೆಳಗಿನ ಜಾವಕ್ಕೆ ತೋಟದ ಕೆಲಸ ನೋಡಿಕೊಳ್ಳುವ ನಿಮ್ಮ ರೈಟರಿಗೂ ಕಾರ್ಮಿಕರಿಗೂ ಗೊತ್ತಿರುತ್ತದೆ. ಹಸಿ ಲದ್ದಿಯೋ ಮುರಿದ ಬೈನೆ ಮರವೋ ಕಂಡಿದ್ದರೆ ಮಕ್ಕಳ ಬಸ್ಸು ಹೊರಡುವ ಮೊದಲೇ ಫೋನ್ ಮಾಡಿ ಆ ದಿನವನ್ನು ರದ್ದು ಮಾಡಿ. ಮುಲಾಜು ಬೇಡ. ಎಲ್ಲ ಸರಿಯಿದ್ದರೂ ಒಂಬತ್ತೂವರೆಗೆ ಮೊದಲು ಒಳಗೆ ಬಿಡಬೇಡಿ, ಮೂರೂವರೆಗೆ ಹೊರಟುಬಿಡಲಿ.

ಆಟ ಕಾಫಿ ಗಿಡಗಳ ಸಾಲಿನಲ್ಲಿ ಬೇಡ. ಫೆಬ್ರವರಿಯೆಂದರೆ ರೋಬಸ್ಟಾ ಕಾಫಿಗೆ ಹೂ ಅರಳಲೆಂದು ನೀರು ಕೊಡುವ ಕಾಲ, ಸ್ಪ್ರಿಂಕ್ಲರ್ ಪೈಪುಗಳು ನೆಲದಲ್ಲಿ ಬಿದ್ದಿರುತ್ತವೆ, ಮೊಗ್ಗು ತುಂಬಿದ ಅಡ್ಡ ರೆಂಬೆಗಳು ಓಡುವ ಮಕ್ಕಳ ಹೆಗಲಿಗೆ ತಾಗಿದರೆ ಮುರಿಯುತ್ತವೆ, ನಿಮ್ಮ ಮುಂದಿನ ವರ್ಷದ ಫಸಲು ಅದರಲ್ಲಿದೆ. ಕಣದಲ್ಲಿ ಕಾಫಿ ಇನ್ನೂ ಒಣಗುತ್ತಿರಬಹುದು. ಕೊಯ್ಲಾಗಿ ಒಣಗಿದ ಗದ್ದೆಯಿದ್ದರೆ ಅದೇ ಎಲ್ಲಕ್ಕಿಂತ ವಾಸಿ. ಊರ ಹುಡುಗರು ಕ್ರಿಕೆಟ್ ಆಡಲು ಅದನ್ನೇ ಹುಡುಕುವುದು ಸುಮ್ಮನಲ್ಲ. ಗದ್ದೆಯ ನಾಲ್ಕು ಮೂಲೆಗೆ ಬಣ್ಣದ ಬಟ್ಟೆ ಕಟ್ಟಿ, ಅದರಾಚೆ ಕಾಲಿಡುವಂತಿಲ್ಲ ಎನ್ನಿ. ತೋಟದ ಕೆರೆಯ ಹತ್ತಿರಕ್ಕೆ ಯಾರನ್ನೂ ಬಿಡಬೇಡಿ. ನೀರಾವರಿಗೆ ತೋಡಿದ ಕೆರೆಗೆ ಇಳಿಜಾರಿಲ್ಲ, ಅಂಚಿನಲ್ಲೇ ಆಳ, ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬರುತ್ತದೆ ಎನ್ನುವ ಹುಡುಗನ ಮೇಲೆ ಎರಡು ಕಣ್ಣಿಡಿ. ಸೋಲಾರ್ ಬೇಲಿ ಇದ್ದರೆ ಮೊದಲೇ ತೋರಿಸಿ.

ಹಿಂದಿನ ದಿನ ಒಬ್ಬರನ್ನು ಕಳಿಸಿ ಸುತ್ತಲಿನ ಮರಗಳಲ್ಲಿ ಹೆಜ್ಜೇನು, ಕಡಜದ ಗೂಡಿದೆಯೇ ಎಂದು ನೋಡಿಸಿ. ಇದ್ದರೆ ಜಾಗವನ್ನೇ ಬದಲಿಸಿ, ಹೊಗೆ ಹಾಕಿ ಎಬ್ಬಿಸುವ ಸಾಹಸ ಬೇಡ. ಕಡಿಸಿಕೊಂಡರೆ ಕೈ ಬೀಸುತ್ತ ನಿಲ್ಲದೆ ಮುಖ ಮುಚ್ಚಿಕೊಂಡು ಓಡಬೇಕೆಂದು ಮಕ್ಕಳಿಗೆ ತಿಳಿಸಿರಲಿ. ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ತೋಟದಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದು ನಿಮಗೆ ಗೊತ್ತು, ಶಿಕ್ಷಕರಿಗೆ ಗೊತ್ತಿಲ್ಲ. ಆ ಜಾಗವನ್ನು ಬಂದ ಕೂಡಲೇ ತೋರಿಸಿ, ಒಂದು ಜೀಪನ್ನು ದಾರಿಗೆ ಮುಖ ಮಾಡಿ ನಿಲ್ಲಿಸಿರಿ. ಉಬ್ಬಸ, ಮೂರ್ಛೆ, ಅಲರ್ಜಿ ಇರುವ ಮಕ್ಕಳ ಪಟ್ಟಿಯೂ ಪೋಷಕರ ಒಪ್ಪಿಗೆ ಪತ್ರವೂ ಶಿಕ್ಷಕರ ಕೈಯಲ್ಲಿರಬೇಕು, ಶಾಲೆಯ ಬೀರುವಿನಲ್ಲಲ್ಲ.

ಜಿಗಣೆಯ ಕಾಟ ಫೆಬ್ರವರಿಯಲ್ಲಿ ಇರುವುದಿಲ್ಲ. ಆದರೆ ದಿನ ಮುಂದೆ ಹೋಗಿ ಮಾರ್ಚ್, ಏಪ್ರಿಲ್ ಆದರೆ ಮಧ್ಯಾಹ್ನದ ಮೇಲಿನ ಗುಡುಗಿನ ಲೆಕ್ಕ ಬೇಕು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿಗಿಂತ ಹತ್ತಿರವಿದೆ ಎಂದರ್ಥ, ಏಕೆಂದರೆ ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡ್ ಬೇಕು. ಆಗ ಆಟ ಅರ್ಧಕ್ಕೇ ನಿಲ್ಲಬೇಕು, ಎಲ್ಲರೂ ಗೋದಾಮಿನಂಥ ಭದ್ರ ಕಟ್ಟಡದೊಳಗೆ ಸೇರಬೇಕು, ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವವರೆಗೆ ಹೊರಬರಕೂಡದು. ಮಳೆ ಬಂತೆಂದು ಸಿಲ್ವರ್ ಮರದ ಬುಡಕ್ಕೆ ಓಡುವುದು ಮಕ್ಕಳಿಗೆ ಸಹಜ. ಎತ್ತರದ ಒಂಟಿ ಮರದಡಿಗಿಂತ ಅಪಾಯದ ಜಾಗ ಇನ್ನೊಂದಿಲ್ಲ.

ಪ್ರಶ್ನೆ: ನಾನು ಮಡಿಕೇರಿಯ ಪಿಯುಸಿ ವಿದ್ಯಾರ್ಥಿನಿ. ಕಿರಿಯರಿಗೆ ಇಂಥ ಆಟ ಆಡಿಸುವ ತಂಡದಲ್ಲಿದ್ದೇನೆ. ಕೊನೆಗೆ ಗೆದ್ದ ತಂಡಕ್ಕೆ ಏನು ಬಹುಮಾನ ಕೊಟ್ಟರೆ ಚೆನ್ನ?

ಉತ್ತರ: ಗೆದ್ದ ತಂಡವೇ ಇಲ್ಲದಂತೆ ಆಡಿಸಿದ್ದರೆ ಈ ತೊಂದರೆ ಬರುತ್ತಿರಲಿಲ್ಲ, ಮಗಳೇ. ಕಪ್ಪು, ಪದಕ ಬೇಡ. ಕಿತ್ತಳೆ ಸಿಗುವ ಕಾಲವಾದರೆ ಪ್ರತಿ ತಂಡಕ್ಕೂ ಕೊಡಗಿನ ಕಿತ್ತಳೆ ಎರಡು ಕೊಡು, ಎಂಟು ಮಂದಿಗೆ ಎರಡೇ. ಚಾಕು ಕೊಡಬೇಡ. ಒಂದು ಹಣ್ಣಿನ ತೊಳೆಯ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ, ಎಂಟಕ್ಕೆ ಸರಿಯಾಗಿ ಭಾಗವೂ ಆಗುವುದಿಲ್ಲ; ಉಳಿದ ಒಂದೆರಡು ತೊಳೆ ಯಾರ ಕೈಗೆ ಹೋಯಿತು ಎಂದು ದೂರದಲ್ಲಿ ಕುಳಿತು ನೋಡು.